ಭಾವನ ಎಲೆಯ ಫೋಟೋ

ನಾನು ದೆವ್ವಗಿವ್ವ ನಂಬುವವನಲ್ಲ, ತಿನ್ನುವುದನ್ನು ನಂಬುವವನು. ಹೋದ ಊರಲ್ಲೆಲ್ಲ ಬಾಯಿಗಿಡುವ ಮೊದಲು ತಟ್ಟೆಯ ಫೋಟೋ ತೆಗೆಯುತ್ತೇನೆ. ಒತ್ತಿದ ಕೂಡಲೇ ಫೋಟೋ ಹೊರಗೆ ಬರುವ ಕ್ಯಾಮೆರಾ ನನ್ನದು.

ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ, ಕಾಪುವಿನ ಅಕ್ಕ ಕುಶಲಾಳ ಮನೆಗೆ ಹೋಗಿದ್ದೆ. ತೀರಿಹೋದ ಭೋಜ ಭಾವನಿಗೆ ಬಡಿಸುವ ದಿನ. ಕೋಣೆಯಲ್ಲಿ ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಬಡಿಸಿ, ತೀರಿಹೋದವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚುವುದು, ಆಮೇಲೆ ಎಲೆಯನ್ನು ಕಾಗೆಗೆ ಇಡುವುದು ಕ್ರಮ. ಮುಚ್ಚುವ ಮೊದಲು ನಾನು ಕ್ಯಾಮೆರಾ ಒತ್ತಿದೆ.

"ಎಂತ ಮಾರಾಯ ನೀನು! ಅದು ಅವರ ಎಲೆ," ಎಂದು ಅಕ್ಕ ಗದರಿದಳು.

"ನೆನಪಿಗೆ ಇರಲಿ ಅಕ್ಕ," ಎಂದು ಫೋಟೋವನ್ನು ಅಂಗಿಯ ಕಿಸೆಗೆ ಹಾಕಿದೆ.

ಸಂಜೆ ಮಂಗಳೂರಿನಿಂದ ಮುಂಬೈ ವಿಮಾನ. ನನ್ನದು ಕಿಟಕಿ ಸೀಟು, ಮಧ್ಯದ್ದು ಖಾಲಿ, ಆಚೆ ಬದಿಯಲ್ಲಿ ಒಬ್ಬರು ಹಿರಿಯರು. ವಿಮಾನ ಏರುತ್ತಲೇ ಕಿಸೆ ಬಿಸಿಯಾಯಿತು, ಆಗಷ್ಟೇ ಬಸಿದ ಅನ್ನ ಇಟ್ಟುಕೊಂಡ ಹಾಗೆ. ಖಾಲಿ ಸೀಟಿನಿಂದ ಕೋಳಿ ಸಾರಿನ ಪರಿಮಳ.

ಇಳಿಯುವ ಹೊತ್ತಿಗೆ ಗಗನಸಖಿ ಬಂದು, "ಸರ್, ನಿಮ್ಮ ಪಕ್ಕದವರಿಗೆ ಟ್ರೇ ಮುಚ್ಚಲು ಹೇಳಿ," ಎಂದಳು. ಖಾಲಿ ಸೀಟಿನ ಟ್ರೇ ತೆರೆದಿತ್ತು. ನಾನೇ ಮುಚ್ಚಿದೆ. ಅದು ಒದ್ದೆಯಾಗಿತ್ತು.

ವಿಮಾನ ನಿಂತದ್ದೇ ಎಲ್ಲರೂ ನುಗ್ಗಿದರು. ನಾನೂ ಎದ್ದೆ. ಹಿರಿಯರು ಕೈ ಅಡ್ಡ ಹಿಡಿದರು.

"ನಿಮಗೆಂತ ಅವಸರ? ಅವರು ಮೊದಲು ಇಳಿಯಲಿ. ಪಾಪ, ಬರಿಗಾಲಲ್ಲಿ ಬಂದಿದ್ದಾರೆ."

ಫೋನ್ ಆನ್ ಮಾಡಿದ ಕೂಡಲೇ ಅಕ್ಕನ ಕರೆ. "ಎಲೆಯನ್ನು ಹೊರಗಿಟ್ಟು ಕಾದದ್ದೇ ಬಂತು. ಒಂದು ಕಾಗೆಯೂ ಮುಟ್ಟಲಿಲ್ಲ. ನಿನ್ನ ಭಾವ ಈ ಸಲ ಊಟಕ್ಕೆ ಬರಲೇ ಇಲ್ಲ, ಅಲ್ವಾ?"

ಅಕ್ಕನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಆ ಫೋಟೋ ಇಂದಿಗೂ ತಣಿದಿಲ್ಲ.