ಅಕ್ಕ ಸೈನ್ ಮಾಡದ ಕಾಗದ

“ಗುಂಪು ಸೇರುವುದಿಲ್ಲ. ಘೋಷಣೆ ಕೂಗುವುದಿಲ್ಲ. ಒಟ್ಟಾಗಿ ಮನವಿ ಕೊಡುವುದಿಲ್ಲ.”

ಅಕ್ಕನ ಅಡ್ಮಿಷನ್ನಿಗೆ ಸೈನ್ ಬೇಕೆಂದು ಕಾಲೇಜಿನ ಆಫೀಸಿನಲ್ಲಿ ಕ್ಲರ್ಕ್ ಮುಂದೆ ತಳ್ಳಿದ ಕಾಗದವನ್ನು ಐದನೇ ಕ್ಲಾಸಿನ ರಾಗಿಣಿ ಗಟ್ಟಿಯಾಗಿ ಓದಿದಳು.

“ಅಪ್ಪ, ಮನವಿ ಅಂದ್ರೆ ರಿಕ್ವೆಸ್ಟ್ ತಾನೇ? ರಿಕ್ವೆಸ್ಟ್ ಮಾಡೋದೂ ತಪ್ಪಾ?”

“ಸುಮ್ನಿರೇ,” ಎಂದ ಅಪ್ಪ ಜಗನ್ನಾಥ, ಪೆನ್ನಿಗಾಗಿ ಜೇಬು ತಡಕುತ್ತಾ.

“ಇಲ್ಲಿ ಸ್ಟ್ರೈಕು ಗೀಕು ಏನೂ ಇಲ್ಲ ಸಾರ್. ಮಕ್ಕಳು ಬಾಯೇ ಬಿಡಲ್ಲ,” ಎಂದರು ಕ್ಲರ್ಕ್.

ರಾಗಿಣಿಗೆ ಮೈಯೆಲ್ಲ ಉರಿಯಿತು. ಬಾಯಿ ಬಿಡದೆ ಇರುವುದೂ ಒಂದು ಹೆಮ್ಮೆಯೇ? ಹೋದ ತಿಂಗಳು ಅವಳ ಸ್ಕೂಲಿನಲ್ಲಿ ಹುಡುಗಿಯರ ಟಾಯ್ಲೆಟ್ಟಿಗೆ ಬೀಗ ಹಾಕಿದ್ದರು. ಇಡೀ ಕ್ಲಾಸು ಸೈನ್ ಮಾಡಿ ಲೆಟರ್ ಕೊಟ್ಟ ಮೇಲೆ ತಾನೇ ಹೆಡ್ ಮಿಸ್ ಬೀಗ ತೆಗೆಸಿದ್ದು!

ಅಕ್ಕ ಅಪೂರ್ವಳಿಗೆ ಬೇಕಾಗಿದ್ದದ್ದು ಇನ್ನೊಂದು ಕಾಲೇಜು. ಅಲ್ಲಿ ಹುಡುಗ ಹುಡುಗಿಯರು ಸಂಘ ಕಟ್ಟಿಕೊಂಡಿದ್ದಾರೆ. ಸ್ಕಾಲರ್‌ಶಿಪ್ ಬರದಿದ್ದರೆ ಗೇಟಿನಲ್ಲಿ ಕೂತು ಕೇಳುತ್ತಾರೆ. “ಅದು ಗಲಾಟೆ ಕಾಲೇಜು, ಬೇಡ,” ಎಂದು ಅಪ್ಪನದು ವಾರದಿಂದ ಒಂದೇ ಹಠ.

ಅಪ್ಪ ಸೈನ್ ಮಾಡಿ ಪೆನ್ನನ್ನು ಅಕ್ಕನ ಕೈಗೆ ಕೊಟ್ಟ. ಅಕ್ಕ ಅದನ್ನು ಮೇಜಿನ ಮೇಲಿಟ್ಟಳು.

“ನಾನು ಮಾಡಲ್ಲಪ್ಪ.”

ಹೊರಗೆ ಬಂದದ್ದೇ ತಡ, ಅಪ್ಪ ರೇಗಿದ. “ಎಲ್ಲರೆದುರು ನನ್ನ ಮರ್ಯಾದೆ ತೆಗೆದುಬಿಟ್ಟೆಯಲ್ಲೇ!”

“ಇದು ಅನ್ಯಾಯ!” ರಾಗಿಣಿ ತಡೆಯಲಾರದೆ ಕಿರುಚಿದಳು. “ನೀನು ಫ್ಯಾಕ್ಟರಿಲಿ ಸ್ಟ್ರೈಕ್ ಮಾಡ್ಬೋದು, ಅಕ್ಕ ಮಾತ್ರ ಬಾಯಿ ಮುಚ್ಕೊಂಡಿರಬೇಕಾ?”

“ಮಾಡಿದ್ದಕ್ಕೇ ಕಣೇ ಹೇಳ್ತಿರೋದು! ನಾಲ್ಕು ತಿಂಗಳು ಸಸ್ಪೆಂಡ್ ಮಾಡಿ ಮನೇಲಿ ಕೂರಿಸಿದ್ರು. ನೀನು ಆಗ ಸೆಕೆಂಡ್ ಸ್ಟ್ಯಾಂಡರ್ಡು. ನಿನಗೇನು ಗೊತ್ತು?”

ರಾಗಿಣಿಗೆ ಥಟ್ಟನೆ ನೆನಪಾಯಿತು. ಎರಡನೇ ಕ್ಲಾಸಿನಲ್ಲಿ ಅಪ್ಪ ದಿನಾ ಅವಳಿಗೆ ಜಡೆ ಹಾಕಿ, ಅತ್ತಿಗುಪ್ಪೆಯ ಸ್ಕೂಲಿಗೆ ನಡೆಸಿಕೊಂಡು ಹೋಗುತ್ತಿದ್ದ. “ರಜ ಹಾಕಿದೀನಿ ಪುಟ್ಟಿ,” ಅನ್ನುತ್ತಿದ್ದ. ಆ ರಜ ಮುಗಿದಾಗ ಅವಳು ಅತ್ತಿದ್ದಳು.

“ಯಾಕಪ್ಪ ಸ್ಟ್ರೈಕ್ ಮಾಡಿದ್ದು?” ಎಂದು ಮೆಲ್ಲಗೆ ಕೇಳಿದಳು.

“ಮಷಿನ್ನಿಗೆ ಸಿಕ್ಕಿ, ನನ್ ಜೊತೆ ಕೆಲಸ ಮಾಡ್ತಿದ್ದ ಭರಮಪ್ಪನ ಬೆರಳು ಹೋಯ್ತು. ಮಷಿನ್ನಿಗೆ ಮುಚ್ಚಳ ಹಾಕ್ಸಿ ಅಂತ ಕೇಳಿದ್ವಿ.”

“ಹಾಕ್ಸಿದ್ರಾ?”

“ಹೂಂ. ಎಲ್ಲಾ ಮಷಿನ್ನಿಗೂ.”

ಅಪ್ಪ ಅಕ್ಕನ ಕಡೆ ತಿರುಗಿದ.

“ಆ ಗಲಾಟೆ ಕಾಲೇಜಿಗೆ ಯಾವ ಬಸ್ಸೇ ಹೋಗೋದು? ಸುಮ್ನೆ ನೋಡ್ಕೊಂಡ್ ಬರೋಣ, ಅಷ್ಟೇ.”

ಅಕ್ಕ ಓಡುತ್ತಲೇ ಬಸ್ ಸ್ಟಾಪಿಗೆ ಹೊರಟಳು. ರಾಗಿಣಿ ಓಡಲಿಲ್ಲ. ಕೆಲಸವಿಲ್ಲದ ಆ ನಾಲ್ಕು ತಿಂಗಳಲ್ಲೂ ಅಪ್ಪ ದಿನಾ ನಗುನಗುತ್ತಲೇ ಅವಳಿಗೆ ಜಡೆ ಹಾಕಿದ್ದ. ಅವಳು ಅಪ್ಪನ ಕೈ ಹಿಡಿದುಕೊಂಡು ನಿಧಾನವಾಗಿ ನಡೆದಳು.