ಬಾಯ್ಲರ್ ಮನೆಯಲ್ಲಿ ಬಿಸಿ ಮುದ್ದೆ

ಸಂಜೆ ಆರು ಗಂಟೆಗೆ ವಾಚ್‌ಮನ್ ಗೇಟಿಗೆ ಬೀಗ ಹಾಕುತ್ತಾನೆ. ಬೆಳಗಾದರೆ ಕಟ್ಟಡ ಕೆಡವಲು ಜೆಸಿಬಿ ಬರುತ್ತದೆ. ಅಷ್ಟರೊಳಗೆ ಬಿನ್ನಿಪೇಟೆ ಪಕ್ಕದ ಪಾಳು ನೂಲಿನ ಗಿರಣಿಗೆ ನುಗ್ಗಿ, ಹಿಂದಿನ ಬಾಯ್ಲರ್ ಮನೆ ತಲುಪಿ, ಅಲ್ಲೇ ಮುದ್ದೆ ಬೇಯಿಸಿ, ಆಂಜಿನಯ್ಯನಿಗೆ ಎಡೆ ಇಟ್ಟು ಹೊರಬರಬೇಕು.

ಆಂಜಿನಯ್ಯ ಆ ಬಾಯ್ಲರಿಗೆ ಸೌದೆ ಹಾಕುತ್ತಿದ್ದವನು. ಮೂವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೆಂಡತಿ ನರಸಮ್ಮ ಜಗಳದ ಸಿಟ್ಟಿಗೆ ತಂಗಳು ಮುದ್ದೆ ಕಳಿಸಿದ್ದಳು. ಅವನು ಬುತ್ತಿ ಮುಟ್ಟಲಿಲ್ಲ. ಸಂಜೆ ಎದೆ ಹಿಡಿದುಕೊಂಡು ಬಾಯ್ಲರ್ ಮುಂದೆಯೇ ಬಿದ್ದ. ಪ್ರತಿ ವರ್ಷ ಚಾಮರಾಜಪೇಟೆಯ ಮನೆಯಲ್ಲಿ ಎಡೆ ಇಟ್ಟರೂ ಅವಳ ಕನಸಿಗೆ ಬಂದು, "ಹಸಿವು ಕಣೇ" ಅನ್ನುತ್ತಾನೆ.

ನರಸಮ್ಮನ ಜೊತೆಗೆ ಮಗಳು ಮೀನಾ, ಪಕ್ಕದ ಮನೆಯ ತಗಡಿನ ಕೆಲಸದ ಈಶ್ವರ್. ಅವನ ಚೀಲದಲ್ಲಿ ಪೇಂಟ್ ಡಬ್ಬಿ ಕೊಯ್ದು ಮಾಡಿದ ಕಡ್ಡಿ ಒಲೆ.

"ಇದಕ್ಕೆ ಕಡ್ಡಿ ತಳ್ತಾನೇ ಇರ್ಬೇಕು ನರಸಕ್ಕ. ಎರಡು ನಿಮಿಷ ಬಿಟ್ರೆ ಆರೋಗುತ್ತೆ."

"ನಮ್ಮೋರಿಗೆ ತಕ್ಕ ಒಲೆ ಬಿಡು. ಒಲೆಗೆ ಸೌದೆ ತುಂಬಿಸ್ದೆ ಊಟಕ್ಕೆ ಕೂತೋರೇ ಅಲ್ಲ."

ಗೇಟು ದಾಟಿದ ಕೂಡಲೇ ಊರಿನ ಸದ್ದೇ ನಿಂತುಹೋಯಿತು. ತಲೆ ಮುಚ್ಚುವಷ್ಟು ಎತ್ತರಕ್ಕೆ ಲಂಟಾನ ಬೆಳೆದಿತ್ತು. ಮಗ್ಗದ ಶೆಡ್ಡಿನ ಕಿಟಕಿಗಳಿಂದ ಅರಳಿಯ ಬೇರುಗಳು ಇಳಿದು ನೆಲ ಹುಡುಕುತ್ತಿದ್ದವು. ರಾತ್ರಿ ಸುರಿದ ಮಳೆ ಇನ್ನೂ ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತಿತ್ತು. ಈಶ್ವರ್ ಮಚ್ಚು ಬೀಸಿ ದಾರಿ ಬಿಡಿಸಿದ. ನರಸಮ್ಮ ಮಾತ್ರ ಕಣ್ಣು ಮುಚ್ಚಿದರೂ ನಡೆಯಬಲ್ಲವಳಂತೆ ತಿರುವುಗಳನ್ನು ಹೇಳುತ್ತಿದ್ದಳು. ಹದಿನೆಂಟು ವರ್ಷ ಅಲ್ಲೇ ನೂಲು ಸುತ್ತಿದ್ದವಳು.

ಬಾಯ್ಲರ್ ಮನೆಯ ಹೊಸ್ತಿಲು.

ಈಶ್ವರನ ಕಾಲಡಿಯ ತಗಡು ಲಟಕ್ಕೆಂದಿತು. ಸೊಂಟದವರೆಗೆ ಬೂದಿಗುಂಡಿಗೆ ಕುಸಿದ.

"ಮೀನಾ, ಒಲೆ ಹಿಡ್ಕೋ!"

"ನಿನ್ನನ್ನ ಹಿಡಿಬೇಕೋ ಒಲೆ ಹಿಡಿಬೇಕೋ ಈಶ್ವರಣ್ಣ?"

ಎರಡನ್ನೂ ಎಳೆದಳು. ಅವನ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಗಂಟೆ ಐದಾಗಿತ್ತು.

ಮೀನಾ ಓಡಿಹೋಗಿ ಗೋಡೆಯ ಬದಿಯಿಂದ ಒಣ ಕಡ್ಡಿ ಮುರಿದು ತಂದಳು. ಒಲೆಗೆ ತುರುಕುವಷ್ಟರಲ್ಲಿ ನರಸಮ್ಮ ಕಿತ್ತು ಎಸೆದಳು.

"ಕಣಗಿಲೆ ಕಣೆ ಅದು! ಹೊಗೇನೂ ವಿಷ. ನಿಮ್ಮಪ್ಪನ ಎಡೆಗೆ ನಮ್ಮನ್ನೂ ಸೇರಿಸ್ತೀಯಾ?"

ಉಳಿದ ಸೌದೆಯೆಲ್ಲ ನೀರು ಕುಡಿದಿತ್ತು. ಮೂರು ಸಲ ಹತ್ತಿಸಿದರು, ಮೂರು ಸಲವೂ ಬರೀ ಹೊಗೆ.

ನರಸಮ್ಮ ಎದ್ದು ಪಕ್ಕದ ಕೋಣೆಗೆ ಹೋದಳು. ಸೆರಗಿನ ತುಂಬ ನೂಲು ಸುತ್ತುವ ಗೇಣುದ್ದದ ಮರದ ಬಾಬಿನ್‌ಗಳನ್ನು ತಂದಳು. ಅವಳ ಕೈಯಲ್ಲೇ ಸವೆದು ನುಣುಪಾದವು. ಅಲ್ಲಿಯ ಬೀರುವಿನೊಳಗೆ ಒಣಗಿಯೇ ಇದ್ದವು.

"ಇವನ್ನ ಸುಡೋದಾ ಅಮ್ಮ?"

"ನಾಳೆ ಮಣ್ಣಾಗೋ ಬದಲು."

ಬೆಂಕಿ ಬುರ್ರೆಂದು ಮೇಲೆದ್ದಿತು. ಈಶ್ವರ್ ಬಾಬಿನ್ ತಳ್ಳಿದ, ಮೀನಾ ಪಾತ್ರೆಯನ್ನು ಅಲುಗದಂತೆ ಹಿಡಿದಳು, ನರಸಮ್ಮ ಕೋಲು ತಿರುವಿದಳು. ಹಬೆಯಾಡುವ ಮುದ್ದೆ ಎಲೆಗೆ ಬಿತ್ತು, ಪಕ್ಕದಲ್ಲಿ ಮನೆಯಿಂದ ತಂದ ಹುರುಳಿ ಸಾರು. ಎಡೆ ಮುಗಿಯುವ ತನಕ ಯಾರೂ ರುಚಿ ನೋಡುವಂತಿಲ್ಲ. ಹಿರಿಯರು ಉಣ್ಣುವಾಗ ಬಾಗಿಲು ಹಾಕಬೇಕು. ಇಲ್ಲಿ ಬಾಗಿಲೇ ಇರಲಿಲ್ಲ. ಮೂವರೂ ಹೊರಗೆ ಬಂದು, ಹೆಗಲಿಗೆ ಹೆಗಲು ತಾಗಿಸಿ, ಬೆನ್ನು ಹಾಕಿ ನಿಂತರು. ಒಲೆ ಆಗಲೇ ಕೆಂಡಕ್ಕೆ ಇಳಿದಿತ್ತು. ಮಿಕ್ಕ ಮೂರು ಬಾಬಿನ್ ಒಲೆಯ ಪಕ್ಕದ ಕಟ್ಟೆಯ ಮೇಲಿದ್ದವು.

ಲಂಟಾನ ಅಲುಗಲಿಲ್ಲ. ಒಳಗೆ ತಗಡಿಗೆ ಮರ ಉಜ್ಜಿದ ಸದ್ದು. ಒಂದು. ಎರಡು. ಮೂರು.

ಮೀನಾ ಅಮ್ಮನ ಕೈ ಹಿಡಿದಳು. ನರಸಮ್ಮ ತಿರುಗಲು ಬಿಡಲಿಲ್ಲ.

ಆಮೇಲೆ ಒಳಗೆ ಹೋದರು. ಕಟ್ಟೆ ಖಾಲಿ. ಒಲೆ ಧಗಧಗ ಉರಿಯುತ್ತಿತ್ತು. ಮೂರೂ ಬಾಬಿನ್ ಅದರ ಬಾಯಲ್ಲಿದ್ದವು. ಮುದ್ದೆಯ ಅಂಚಿನಲ್ಲಿ ಒಂದು ತುತ್ತು ಮುರಿದಿತ್ತು.

"ಇಲಿ ಇರ್ಬೇಕು," ಅಂದ ಈಶ್ವರ್.

"ಇಲಿ ಒಲೆ ತುಂಬಿಸ್ತದೇನೋ?" ನರಸಮ್ಮ ನಕ್ಕಳು. ಅಳುತ್ತಿದ್ದಳು ಕೂಡ. "ಕೂತ್ಕೊಳ್ಳಿ. ತಣ್ಣಗಾಗೋಕೆ ಮುಂಚೆ ನಾವೂ ಉಣ್ಣೋಣ."

ಕುಂಟುವ ಈಶ್ವರನನ್ನು ನಡುವೆ ಹಿಡಿದು ಗೇಟು ಮುಟ್ಟಿದಾಗ ವಾಚ್‌ಮನ್ ಬೀಗ ಕೈಗೆ ತೆಗೆದುಕೊಂಡಿದ್ದ.

"ಆಯ್ತಾ ಅಜ್ಜಿ, ಪೂಜೆ?"

"ಉಂಡ್ರಪ್ಪ," ಅಂದಳು ನರಸಮ್ಮ.

ಬೂದಿ ಚೆಲ್ಲಿ, ಗೋಣಿ ಸುತ್ತಿದ್ದ ಒಲೆಯನ್ನು ಆಟೋದಲ್ಲಿ ಮಡಿಲಲ್ಲೇ ಇಟ್ಟುಕೊಂಡಳು. ಚಾಮರಾಜಪೇಟೆ ಮುಟ್ಟುವವರೆಗೂ ಅದು ಬಿಸಿಯಾಗಿಯೇ ಇತ್ತು.