ತಂಬಿಗೆ ಕಾರು

ರೈಲು ಹೋಯಿತು. ಗೇಟು ಮೇಲೇರಿತು. ಮುಂದಿದ್ದ ಟ್ರ್ಯಾಕ್ಟರ್ ಹೊರಟಿತು, ಪಕ್ಕದ ಬೈಕುಗಳು ಹೊರಟವು. ಸ್ನೇಹಾಳ ಮನೆಯ ಕಾರು ಮಾತ್ರ ನಿಂತಲ್ಲೇ ನಿಂತಿತ್ತು.

ಅಮ್ಮ ಕೀ ತಿರುಗಿಸಿದಳು. ಕಾರು ಗರಗರ ಎಂದಿತು, ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದಳು. ಇನ್ನೊಮ್ಮೆ ಗರಗರ.

ಹಿಂದಿನಿಂದ ಹಾರ್ನ್‌ಗಳು ಶುರುವಾದವು. ಹಿಂದಿನ ಸೀಟಿನಲ್ಲಿದ್ದ ಸ್ನೇಹಾ ಪೂರ್ತಿ ಬಗ್ಗಿ ಶೂ ಲೇಸು ಕಟ್ಟತೊಡಗಿದಳು. ಲೇಸು ಬಿಚ್ಚಿರಲಿಲ್ಲ. ಈ ರೈಲ್ವೆ ಗೇಟಿನ ಹತ್ತಿರ ಬಂದಾಗಲೆಲ್ಲ ಅವಳು ಬಿಚ್ಚದ ಲೇಸನ್ನೇ ಕಟ್ಟುತ್ತಿದ್ದಳು. ಮುಂದೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮುಂದಿನ ಬಾಗಿಲು ತೆರೆಯಿತು. ಅಜ್ಜಿ ಉಚ್ಚಂಗೆಮ್ಮ ಇಳಿದಳು. ಹಸಿರು ಇಳಕಲ್ ಸೀರೆ, ತುರುಬಿನಲ್ಲಿ ಕನಕಾಂಬರ, ಕೈಯಲ್ಲಿ ಥಳಥಳ ಬೆಳಗಿದ ಹಿತ್ತಾಳೆ ತಂಬಿಗೆ. ಮದುವೆ ಮನೆಯ ಮುಂದೆ ಇಳಿದವಳ ಹಾಗೆ ನಿಂತು ಸೆರಗು ಸರಿಮಾಡಿಕೊಂಡಳು. ಅಮ್ಮ ಓಡಿಬಂದು ಬಾನೆಟ್ ಎತ್ತಿ ಹಿಡಿದಳು. ಅಜ್ಜಿ ಕಣ್ಣು ಮುಚ್ಚಿ ಹುಲಿಗೆಮ್ಮನನ್ನು ನೆನೆದು, ದೇವಿಯ ಅರಿಶಿನ, ಭಂಡಾರ, ಬೆರೆಸಿದ ನೀರನ್ನು ಎಂಜಿನ್ನಿನ ಒಂದು ಮೂಲೆಗೆ ನಿಧಾನವಾಗಿ ಹೊಯ್ದಳು. ಯಾವಾಗಲೂ ಅದೇ ಮೂಲೆ. ಸುಯ್ ಎಂದು ಆವಿ ಎದ್ದಿತು.

"ಹೂಂ, ಈಗ ತಿರುವು ಸುಮಾ."

ಅಮ್ಮ ತಿರುಗಿಸಿದಳು. ಕಾರು ಬುರ್ರೆಂದಿತು.

ಅಷ್ಟರಲ್ಲಿ ಸ್ಕೂಲ್ ಆಟೊ ಪಕ್ಕದಲ್ಲೇ ಹಾದುಹೋಯಿತು. ಅದರ ಕಂಬಿಗೆ ಜೋತುಬಿದ್ದಿದ್ದ ಐದನೇ ಕ್ಲಾಸಿನ ಯಲ್ಲೇಶ ಒಳಗಿದ್ದವರಿಗೆಲ್ಲ ಸುದ್ದಿ ಹೇಳಿದ, "ಲೇ, ತಂಬಿಗಿ ಕಾರು ಚಾಲೂ ಆತು ನೋಡ್ರಲೇ."

ಸ್ನೇಹಾ ಇನ್ನೊಂದು ಶೂವಿನ ಲೇಸಿಗೆ ಕೈಹಾಕಿದಳು.

ಬದನೆಕಾಯಿ ಬಣ್ಣದ ಆ ಕಾರಿಗೆ ಸ್ನೇಹಾಳಿಗಿಂತ ಹೆಚ್ಚು ವಯಸ್ಸಾಗಿತ್ತು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರು ವರ್ಗವಾಗಿ ಹೋಗುವಾಗ ಅಪ್ಪ ಅದನ್ನು ಕೊಂಡಿದ್ದ. ಅಪ್ಪನಿಗೆ ಸಂಡೂರಿನ ಮೈನ್ಸಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಕಾರು ಓಡಿಸುತ್ತಿದ್ದವಳು ಅಮ್ಮ. ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿದು, ಬುಟ್ಟಿಗಳಿಗೆ ತುಂಬಿ, ದಾರಿಯಲ್ಲಿ ಸ್ನೇಹಾಳನ್ನು ಶಾಲೆಗೆ ಬಿಟ್ಟು, ಹಂಪಿಯ ಖಾನಾವಳಿಗಳಿಗೆ ರೊಟ್ಟಿ ಕೊಟ್ಟು ಬರುತ್ತಿದ್ದಳು. ತಡವಾದರೆ ಖಾನಾವಳಿಯವರು ಬೇರೆಯವರ ಹತ್ತಿರ ರೊಟ್ಟಿ ತರಿಸಿಕೊಳ್ಳುತ್ತಿದ್ದರು.

ಬೇಸಿಗೆಯಲ್ಲಿ ಒಂದು ದಿನ ಕಾರು ಈ ಗೇಟಿನ ಹತ್ತಿರ ಮೊದಲ ಸಲ ಮುಷ್ಕರ ಹೂಡಿತು. ಅವತ್ತು ಅಜ್ಜಿ ಕಣ್ಣಿನ ಆಸ್ಪತ್ರೆಗೆಂದು ಜೊತೆಗೆ ಬಂದಿದ್ದಳು. ಅವಳ ಚೀಲದಲ್ಲಿ ಹುಲಿಗಿಯಿಂದ ತಂದ ತೀರ್ಥದ ಬಾಟಲಿ ಇತ್ತು. ಯಾರು ಎಷ್ಟು ತಳ್ಳಿದರೂ ಹೊರಡದ ಕಾರು ತೀರ್ಥ ಬಿದ್ದ ಕೂಡಲೆ ಹೊರಟಿತು. ಮರುದಿನ ಅಜ್ಜಿ ಇರಲಿಲ್ಲ, ಕಾರು ಅಲ್ಲೇ ಮುಕ್ಕಾಲು ಗಂಟೆ ನಿಂತಿತು. ಅದರ ಮರುದಿನದಿಂದ ಮುಂದಿನ ಸೀಟು ಅಜ್ಜಿಯದಾಯಿತು.

ಶನಿವಾರ ಮಧ್ಯಾಹ್ನ ಸ್ನೇಹಾ ಹಟ ಹಿಡಿದು ಅಮ್ಮನನ್ನು ಮೆಕ್ಯಾನಿಕ್ ಹನುಮೇಶನ ಶೆಡ್ಡಿಗೆ ಕರೆದುಕೊಂಡು ಹೋದಳು. ಅಜ್ಜಿಯೂ ತಂಬಿಗೆ ಸಮೇತ ಬಂದಳು. ಹನುಮೇಶ ಕತೆ ಪೂರ್ತಿ ಕೇಳಿದ. ಎಂಜಿನ್ನನ್ನು ಚೆನ್ನಾಗಿ ಕಾಯಲು ಬಿಟ್ಟು, ಆಫ್ ಮಾಡಿ, ಮತ್ತೆ ಕೀ ತಿರುಗಿಸಿದ. ಗರಗರ. ಆಮೇಲೆ ಒಂದು ಒದ್ದೆ ಬಟ್ಟೆಯನ್ನು ಎಂಜಿನ್ನಿನ ಅದೇ ಮೂಲೆಗೆ ಒತ್ತಿಟ್ಟು, ಒಂದು ಟೀ ಕುಡಿದು ಬಂದು ತಿರುಗಿಸಿದ. ಬುರ್ರ್.

"ಇಲ್ಲೊಂದು ಸೆನ್ಸರ್ ಐತಿ ನೋಡವ್ವ," ಎಂದು ಸ್ನೇಹಾಳಿಗೆ ತೋರಿಸಿದ. "ಎಂಜಿನ್ ತಿರುಗೋದನ್ನ ನೋಡಿ ಹೇಳೋದು ಇದರ ಕೆಲಸ. ಹಳೇದಾಗೇತಿ. ಕಾದ್ರ ತಲಿ ತಿರುಗಿ ಬೀಳತೈತಿ. ನೀರು ಬಿದ್ರ ಎಚ್ಚರ ಆಗತೈತಿ."

ಸ್ನೇಹಾಳಿಗೆ ಥಟ್ಟನೆ ಅರ್ಥವಾಯಿತು. ಹೋದ ತಿಂಗಳು ಬಿಸಿಲಿನಲ್ಲಿ ಪ್ರೇಯರ್ ಮಾಡುವಾಗ ಯಲ್ಲೇಶ ಹೀಗೇ ಬಿದ್ದಿದ್ದ, ಪಿ.ಟಿ. ಸರ್ ಹೀಗೇ ನೀರು ಹೊಡೆದಿದ್ದರು.

"ನಾನೂ ಅದನ್ನ ಮಾಡಿದ್ದಲ್ಲೇನು?" ಎಂದಳು ಅಜ್ಜಿ. "ನೀ ಬಟ್ಟೀಲೆ ಮಾಡಿದಿ, ನಾ ತಂಬಿಗೀಲೆ."

ಹನುಮೇಶ ಒದ್ದೆ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು, ಬೇರೆ ಸೆನ್ಸರ್ ಹಾಕಲೇಬೇಕು ಎಂದ.

ಅವನ ಹತ್ತಿರ ಅಂಥ ಸೆನ್ಸರ್ ಇರಲಿಲ್ಲ. ಹೊಸಪೇಟೆಯ ಅಂಗಡಿಗಳಲ್ಲಿ ಕೇಳಿದ, ಬಳ್ಳಾರಿಗೆ ಫೋನ್ ಮಾಡಿದ, ಹುಬ್ಬಳ್ಳಿಗೂ ಮಾಡಿದ. ಈ ಮಾಡೆಲ್ ಬರುವುದೇ ನಿಂತುಹೋಗಿದೆ ಎಂದರು. ಬಳ್ಳಾರಿಯಿಂದ ತರಿಸಿದ ಸೆನ್ಸರಿಗೆ ಮೂರು ಪಿನ್ನು, ಇವರದಕ್ಕೆ ಎರಡು. ಸ್ನೇಹಾ ಸೆನ್ಸರಿನ ಮೇಲಿದ್ದ ಉದ್ದನೆಯ ನಂಬರನ್ನು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಳು. ಮಗ್ಗಿಯನ್ನು ಅರ್ಧಕ್ಕೇ ಮರೆಯುತ್ತಿದ್ದ ಅವಳಿಗೆ ಆ ಹನ್ನೊಂದು ಅಂಕಿ ಎರಡೇ ದಿನದಲ್ಲಿ ಬಾಯಿಪಾಠವಾಯಿತು.

ಕೊನೆಗೆ ಹನುಮೇಶನಿಗೆ ನೆನಪಾಯಿತು. ಕಂಪ್ಲಿಯಲ್ಲಿ ಇಂಥದೇ ಇನ್ನೊಂದು ಕಾರಿತ್ತು, ಮೈಲಾರಲಿಂಗಪ್ಪ ಎಂಬ ಮೇಷ್ಟ್ರದು. ಅವರು ಈಗಿಲ್ಲ. ಕಾರು ಇರಬಹುದು.

ಮುಂದಿನ ವಾರದ ಭಾನುವಾರ ನಾಲ್ವರೂ ಕಂಪ್ಲಿಗೆ ಹೊರಟರು. ದಾರಿಯಲ್ಲಿ ಕಾರು ಎರಡು ಸಲ ನಿಂತಿತು. ಹನುಮೇಶ ಒದ್ದೆ ಬಟ್ಟೆಗೆಂದು ನೀರು ಹುಡುಕುತ್ತಿರುವಾಗ ಅಜ್ಜಿ ಎರಡು ಸಲವೂ ಅವನಿಗಿಂತ ಮೊದಲೇ ಇಳಿದಿದ್ದಳು.

ಮೇಷ್ಟ್ರ ಹೆಂಡತಿ ಎರ್ರಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟು ಹಿತ್ತಲಿಗೆ ಕರೆದೊಯ್ದಳು. ಬೇವಿನ ಮರದ ಕೆಳಗೆ ಕಾರು ಇತ್ತು. ಟೈರುಗಳು ನೆಲಕ್ಕೆ ಕೂತಿದ್ದವು. ಸ್ಟೇರಿಂಗಿನ ಮೇಲೆ ಒಂದು ಹುಂಜ ನಿಂತು, ಯಾರಿವರು ಎಂಬಂತೆ ನೋಡಿತು. ಹಿಂದಿನ ಸೀಟಿನಲ್ಲಿ ಮೂರು ಹೇಟೆಗಳು ಪ್ರಯಾಣ ಹೊರಟವರ ಹಾಗೆ ಸಾಲಾಗಿ ಕೂತಿದ್ದವು.

ಹನುಮೇಶ ಅರ್ಧ ತೆರೆದಿದ್ದ ಬಾನೆಟ್ಟಿನೊಳಗೆ ಕೈ ಹಾಕಿದ. ಮರುಕ್ಷಣವೇ ಕಿರುಚಿ ಕೈ ಹೊರಗೆಳೆದ. ಬೆರಳಿನ ತುದಿಯಲ್ಲಿ ರಕ್ತ.

"ಅಯ್ಯ, ಅಲ್ಲಿ ಕೈ ಹಾಕಬ್ಯಾಡ್ರಿ," ಎಂದು ಎರ್ರಮ್ಮ ನಿಧಾನವಾಗಿ ಹೇಳಿದಳು. "ಕಾವಿಗೆ ಕುಂತೈತಿ."

ಬ್ಯಾಟರಿ ಇರಬೇಕಾದ ಜಾಗದಲ್ಲಿ ಹುಲ್ಲು, ಹುಲ್ಲಿನ ಮೇಲೆ ಕೆಂಪು ಕೋಳಿ, ಕೋಳಿಯ ಕೆಳಗೆ ಹನ್ನೊಂದು ಮೊಟ್ಟೆ. ಅದರ ಪಕ್ಕದಲ್ಲೇ ಕೆಳಗೆ ಸೆನ್ಸರ್. ಕೋಳಿ ಎದ್ದರೆ ಮೊಟ್ಟೆ ತಣ್ಣಗಾಗುತ್ತವೆ, ಇನ್ನೂ ಒಂಬತ್ತು ದಿನ ಬೇಕು, ಮರಿ ಆದಮೇಲೆ ಸೆನ್ಸರೇನು, ಬೇಕಾದರೆ ಎಂಜಿನ್ನೇ ಒಯ್ಯಿರಿ ಎಂದಳು ಎರ್ರಮ್ಮ.

ಹನುಮೇಶ ಐದೇ ನಿಮಿಷ ಎಂದು ಕೇಳಿಕೊಂಡ. ಸ್ನೇಹಾ ಕೋಳಿಯನ್ನು ತಾನೇ ಮೊಟ್ಟೆ ಸಮೇತ ಎತ್ತಿ ಹಿಡಿಯುತ್ತೇನೆ ಎಂದಳು. ಆದರೆ ಅಜ್ಜಿ ಯಾರ ಪಕ್ಷ ಹಿಡಿದಳು ಅಂತೀರಿ?

"ಬಾಣಂತನಕ್ಕ ಕುಂತಾಕೀನ ಎಬ್ಬಿಸ್ತಾರೇನು? ಒಂಬತ್ತಲ್ಲ, ಎರಡು ವಾರ ಬಿಟ್ಟು ಬರ್ತೀವಿ ಬಿಡು ಎರ್ರಮ್ಮ. ಅರ್ಜೆಂಟ್ ಏನೂ ಇಲ್ಲ."

ಅಜ್ಜಿಗೆ ಕೋಳಿಯ ಮೇಲೆ ಇಷ್ಟು ಪ್ರೀತಿ ಯಾವಾಗ ಬಂತೋ ಸ್ನೇಹಾಳಿಗೆ ತಿಳಿಯಲಿಲ್ಲ. ಹೋದ ವಾರವಷ್ಟೇ ಪಕ್ಕದ ಮನೆಯ ಕೋಳಿಗೆ ಅವಳು ಚಪ್ಪಲಿ ಎಸೆದಿದ್ದಳು.

ಸ್ನೇಹಾ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕತೊಡಗಿದಳು. ಶಾಲೆಯಿಂದ ಬಂದವಳೇ ಎರ್ರಮ್ಮನಿಗೆ ಫೋನ್ ಮಾಡಿ, "ಕೋಳಿ ಎದ್ದಿತೇನ್ರಿ?" ಎಂದು ಕೇಳುತ್ತಿದ್ದಳು. ಹತ್ತನೇ ದಿನ ಎರ್ರಮ್ಮನೇ ಫೋನ್ ಮಾಡಿದಳು. ಹತ್ತು ಮರಿ ಆಗಿದ್ದವು. ಅಜ್ಜಿ ಅದನ್ನು ಕೇಳಿ, "ಇನ್ನೊಂದು ಮೊಟ್ಟಿ ಐತಲ್ಲ, ಅದನ್ನೂ ಕಾಯಬೇಕಿತ್ತು," ಎಂದಳು.

ಮತ್ತೊಂದು ಭಾನುವಾರ ಹನುಮೇಶ ಒಂದೇ ಬೋಲ್ಟು ಬಿಚ್ಚಿ ಸೆನ್ಸರ್ ಹೊರತೆಗೆದ. ಸ್ನೇಹಾ ನೋಟ್‌ಬುಕ್ಕನ್ನು ತೆರೆಯದೆಯೇ ಹನ್ನೊಂದು ಅಂಕಿಯನ್ನೂ ಹೇಳಿದಳು. ಒಂದೂ ತಪ್ಪಲಿಲ್ಲ.

ಸೋಮವಾರ ಗೇಟು ಬಿತ್ತು. ರೈಲು ಹೋಯಿತು. ಗೇಟು ಎದ್ದಿತು. ಅಮ್ಮ ಕೀ ತಿರುಗಿಸಿದಳು. ಬುರ್ರ್.

ಸ್ನೇಹಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಯಲ್ಲೇಶನ ಆಟೊ ಎಲ್ಲಿದೆಯೆಂದು ಹುಡುಕಿದಳು. ಎಷ್ಟೋ ಹಿಂದೆ ಇತ್ತು. ಮುಂದಿನ ಸೀಟಿನಲ್ಲಿ ಅಜ್ಜಿ ಬಾಗಿಲಿನ ಹಿಡಿಯ ಮೇಲೆ ಇಟ್ಟಿದ್ದ ಕೈಯನ್ನು ತೆಗೆದು ತಂಬಿಗೆಯ ಮೇಲಿಟ್ಟುಕೊಂಡಳು.

"ಚಲೋ ಆತು," ಎಂದಳು.

ಮಂಗಳವಾರ ಬೆಳಿಗ್ಗೆ ಅಮ್ಮ ಅಕ್ಕರೆಯಿಂದಲೇ ಹೇಳಿದಳು, "ಅತ್ತಿ, ಇನ್ನ ನೀವು ದಿನಾ ಬರೋ ತ್ರಾಸು ಬ್ಯಾಡ. ಮೊಣಕಾಲು ನೋವು ಅಂತೀರಿ. ಆರಾಮ ಕುಂದ್ರಿ." ಮುಂದಿನ ಸೀಟಿನಲ್ಲಿ ಎರಡು ರೊಟ್ಟಿ ಬುಟ್ಟಿಗಳು ಕೂತವು. ಅಜ್ಜಿ ಕಟ್ಟೆಯ ಮೇಲೆ ಕೂತು ಕೈಬೀಸಿದಳು. ಅವಳ ತುರುಬಿನಲ್ಲಿ ಆಗಲೇ ಹೂವಿತ್ತು. ಬುಧವಾರ ಹೂವಿರಲಿಲ್ಲ.

ಗೇಟಿನ ಹತ್ತಿರ ಶೇಂಗಾ ಮಾರುವವನು ಕಾರಿನೊಳಗೆ ಬಗ್ಗಿ ನೋಡಿ, ಅಜ್ಜಿಗೆ ಆರಾಮಿಲ್ಲವೇನು ಎಂದು ಕೇಳಿದ. ಗುರುವಾರವೂ ಕೇಳಿದ. ಸ್ನೇಹಾಳಿಗೆ ಅವನ ಹೆಸರೂ ಗೊತ್ತಿರಲಿಲ್ಲ.

ಭಾನುವಾರ ಶಾಲೆಯಿಲ್ಲವೆಂದು ಅವಳು ಅಮ್ಮನ ಜೊತೆ ಹಂಪಿಯವರೆಗೂ ಹೋದಳು. ಅಮ್ಮ ಖಾನಾವಳಿಯಲ್ಲಿ ರೊಟ್ಟಿ ಎಣಿಸಿ ಕೊಡುತ್ತಿದ್ದಳು. ಬಜಾರಿನ ಒಂದು ಕಲ್ಲುಮಂಟಪದ ನೆರಳಲ್ಲಿ ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ಬದನೆಕಾಯಿ ಬಣ್ಣದ ಕಾರನ್ನು ಕಂಡು ಎದ್ದುನಿಂತಳು. ಮುಂದಿನ ಸೀಟಿನಿಂದ ಯಾರೂ ಇಳಿಯಲಿಲ್ಲ. ಅವಳು ಮತ್ತೆ ಕೂತಳು.

ಆಮೇಲೆ ಸ್ನೇಹಾಳನ್ನು ಕೈಮಾಡಿ ಕರೆದಳು. ಅವಳ ಹೆಸರು ಜಂಬವ್ವ. ಅಜ್ಜಿಯದೂ ಅವಳದೂ ಒಂದೇ ತವರು, ದರೋಜಿ. ಮದುವೆಯಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈ ಬೇಸಿಗೆಯಲ್ಲಿ, ಇದೇ ಮಂಟಪದ ಮುಂದೆ, ಒಂದು ದಿನ ಅಜ್ಜಿ ತಂಬಿಗೆ ಹಿಡಿದು ಕಾರಿನಿಂದ ಇಳಿದಿದ್ದಳಂತೆ. ಅಮ್ಮ ರೊಟ್ಟಿ ಕೊಟ್ಟು ಬರುವಷ್ಟರಲ್ಲಿ ದಿನಾ ಅರ್ಧ ಗಂಟೆ ಇಬ್ಬರೂ ಇಲ್ಲಿ ಕೂರುತ್ತಿದ್ದರಂತೆ.

"ಏನ್ ಮಾತಾಡತಿದ್ರಿ?" ಎಂದಳು ಸ್ನೇಹಾ.

ಜಂಬವ್ವ ಬೊಚ್ಚುಬಾಯಿ ಬಿಟ್ಟು ನಕ್ಕಳು. "ನಿಮ್ಮಜ್ಜಿ ಸಣ್ಣಾಕಿದ್ದಾಗ ಕಳ್ಳಿ ಇದ್ಲು. ಗೌಡರ ತೋಟದಾಗ ಪ್ಯಾರಲ ಹಣ್ಣು ಕದಿಯೋಕಿ. ನಾ ಕೆಳಗ ಉಡಿ ಒಡ್ಡಿ ನಿಂದರತಿದ್ದೆ." ಆಮೇಲೆ ಬುಟ್ಟಿಯ ಅಡಿಯಿಂದ ಎರಡು ಬಾಳೆಹಣ್ಣು ತೆಗೆದಳು. ಕಾದು ಕಾದು ಸಿಪ್ಪೆ ಕಪ್ಪಾಗಿತ್ತು. "ಆಕಿಗಂತ ಇಟ್ಟಿದ್ದೆ. ಕೊಡು."

ಮನೆಗೆ ಬಂದಾಗ ಅಜ್ಜಿ ತಂಬಿಗೆಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದಳು. ಹಿತ್ತಾಳೆ ಮಂಕಾಗಿತ್ತು. ಸ್ನೇಹಾ ಬಾಳೆಹಣ್ಣು ಕೊಟ್ಟಳು. ಅಜ್ಜಿ ಯಾರು ಕೊಟ್ಟರೆಂದು ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು, ಸಿಪ್ಪೆಗೆ ಅಂಟಿದ್ದನ್ನೂ ಬಿಡದೆ ತಿಂದಳು.

ಮರುದಿನ ಸ್ನೇಹಾ ಅಲಾರಾಂ ಇಲ್ಲದೆ ಎದ್ದಳು. ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕಿ, ನೀರು ತುಂಬಿ, ಒಂದು ಚಿಟಿಕೆ ಭಂಡಾರ ಹಾಕಿದಳು. ಮುಂದಿನ ಸೀಟಿನ ಬುಟ್ಟಿಗಳನ್ನು ಹಿಂದಕ್ಕೆ ಎಳೆದಳು. ಒಂದಕ್ಕೆ ಜಾಗ ಸಿಕ್ಕಿತು, ಇನ್ನೊಂದಕ್ಕೆ ಅವಳ ತೊಡೆಯೇ ಆಗಬೇಕಾಯಿತು.

"ಅಜ್ಜಿ, ಅದು ಕಂಪ್ಲಿ ಸೆನ್ಸರು," ಎಂದಳು. "ಅದಕ್ಕ ನಮ್ಮ ಗೇಟು ಇನ್ನೂ ಪೂರ್ತಿ ರೂಢಿ ಆಗಿಲ್ಲ. ನೀ ಇದ್ರ ಧೈರ್ಯ."

ಅಜ್ಜಿ ಅವಳ ಮುಖವನ್ನೇ ನೋಡಿದಳು. ತಂಬಿಗೆಯನ್ನು ನೋಡಿದಳು.

"ನಾ ಅವತ್ತೇ ಅಂದೆ," ಎಂದಳು. "ಕೋಳಿ ಹತ್ರ ಬೆಳೆದ ಸೆನ್ಸರ್ ಅದು. ಹಂಗ ನಂಬೋದಲ್ಲ. ತಡಿ, ಹೂವು ಮುಡದು ಬರ್ತೀನಿ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಕನ್ನಡಿಯಲ್ಲಿ ಅವಳಿಗೆ ಸ್ನೇಹಾ ಕಂಡಳು, ಗಲ್ಲದವರೆಗೂ ಬುಟ್ಟಿ. ಅಮ್ಮ ಕೈಚಾಚಿ ಪಕ್ಕದ ಬಾಗಿಲನ್ನು ಅಜ್ಜಿಗೆಂದು ತೆರೆದಿಟ್ಟಳು.

ಗೇಟು ಬಿತ್ತು. ಶೇಂಗಾದವನು ಕಿಟಕಿಯಲ್ಲಿ ಬಗ್ಗಿ, "ಅರೆ ಅಜ್ಜಿ," ಎಂದು ಒಂದು ಪೊಟ್ಟಣ ಒಳಗೆ ಹಾಕಿದ. ರೈಲು ಹೋಯಿತು. ಗೇಟು ಎದ್ದಿತು. ಅಜ್ಜಿ ಬಾಗಿಲು ತೆರೆದು ಇಳಿದಳು, ಸೆರಗು ಸರಿಮಾಡಿಕೊಂಡಳು, ಕಣ್ಣು ಮುಚ್ಚಿದಳು. ಅಮ್ಮ ಬಾನೆಟ್ ಎತ್ತಿ ನಿಲ್ಲಿಸಿ ಬಂದು, ಕೀ ಮೇಲೆ ಕೈಯಿಟ್ಟು, ತಿರುಗಿಸದೆ ಕಾದಳು.

ಹಿಂದೆ ಹಾರ್ನ್‌ಗಳು ಶುರುವಾದವು. ಸ್ಕೂಲ್ ಆಟೊದಿಂದ ಯಲ್ಲೇಶ ಏನೋ ಕೂಗಿದ.

ಸ್ನೇಹಾಳ ಶೂ ಲೇಸು ಅವತ್ತು ನಿಜವಾಗಿಯೂ ಬಿಚ್ಚಿತ್ತು. ಅವಳು ಬಗ್ಗಲಿಲ್ಲ. ಬಿಸಿ ರೊಟ್ಟಿಯ ಬುಟ್ಟಿ ತೊಡೆಯನ್ನು ಸುಡುತ್ತಿತ್ತು. ಅದರ ಮೇಲೆ ಗಲ್ಲವೂರಿ, ಅಜ್ಜಿ ನೀರು ಹೊಯ್ದು ಮುಗಿಸುವವರೆಗೂ ನೋಡುತ್ತ ಕೂತಳು.